ಔಷಧಿ ಹೊಡೆಯದ ಊರು

ನಾನು ಹುಣಸೂರಿಗೆ ಕೆಲಸಕ್ಕೆ ಬಂದಾಗ ನನ್ನ ಮಗಳು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಮೈಸೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಅವಳ ಬಾಯಿ ತೆರೆಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿದಾಗಲೇ ಒಳಗಿನ ಬೂದುಬಣ್ಣದ ಪೊರೆ ಕಂಡಿತ್ತು. ಡಾಕ್ಟರಾದ ನನಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆಸ್ಪತ್ರೆಗೆ ಒಯ್ದೆವು, ಚುಚ್ಚುಮದ್ದು ಕೊಟ್ಟರು, ಮಾಡಬೇಕಾದದ್ದನ್ನೆಲ್ಲ ಮಾಡಿದರು. ಅವಳು ಉಳಿಯಲಿಲ್ಲ.

ನಮ್ಮಲ್ಲಿ ಹೂಳುವುದು ಪದ್ಧತಿ. ಹೊಸ ಅಗ್ರಹಾರದ ಹತ್ತಿರ ಮಾವನವರ ಹೊಲವಿತ್ತು. ಅಲ್ಲಿ ಬೇಲಿಯ ಪಕ್ಕ ಗುಂಡಿ ತೋಡಿ, ಅವಳ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಹಾಕಿ ಕೂರಿಸಿದರು. ಹೆಂಗಸರು ದೂರದಲ್ಲಿ ನಿಂತಿದ್ದೆವು. ನನಗೆ ಕಂಡದ್ದು ಗಂಡಸರ ಬೆನ್ನುಗಳು ಮಾತ್ರ. ನಾನು ಅಳಲಿಲ್ಲ. ಆಮೇಲೆ ಅಳು ಬರಬಹುದು ಅಂದುಕೊಂಡೆ, ಬರಲಿಲ್ಲ. ಹಿತ್ತಲಲ್ಲಿ ಅತ್ತೆ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು: "ಓದಿದವಳು ಕಣಮ್ಮ. ಒಂದು ತೊಟ್ಟು ನೀರು ಬರಲಿಲ್ಲ ಕಣ್ಣಲ್ಲಿ." ಅವರ ಮಾತಿಗೆ ಬೇಸರವೂ ಆಗಲಿಲ್ಲ. ನಿಜವನ್ನೇ ಹೇಳುತ್ತಿದ್ದರು.

ಮೈಸೂರಿಗೆ ಹಿಂತಿರುಗಿದ ಮೇಲೆ ನಾನು ಆಸ್ಪತ್ರೆಯ ಕೆಲಸ ಬಿಟ್ಟೆ. ನಮ್ಮ ಯಜಮಾನರು ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದರು. ನಾನು ಅಡಿಗೆ ಮಾಡುತ್ತಿದ್ದೆ. ಉಪ್ಪು ಹಾಕಲು ಮರೆತರೂ ಅವರು ಹೇಳುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಒಂದು ಸಂಜೆ, ನನಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಹಿರಿಯ ಡಾಕ್ಟರೊಬ್ಬರು ಮನೆಗೆ ಬಂದರು. ಆಗ ಅವರು ಹುಣಸೂರಿನಲ್ಲಿ ಮಲೇರಿಯಾ ಸಂಶೋಧನೆಯ ಒಂದು ಸಣ್ಣ ತಂಡವನ್ನು ನೋಡಿಕೊಳ್ಳುತ್ತಿದ್ದರು. ತಂಡದಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

"ಹೆಗ್ಗಡದೇವನಕೋಟೆ ಕಡೆ ಹೆಂಗಸರು ನಮ್ಮ ಹುಡುಗರ ಕೈಗೆ ಮಕ್ಕಳನ್ನ ಕೊಡೋದಿಲ್ಲ. ನೀನು ಬಂದ್ರೆ ಕೊಡ್ತಾರೆ," ಅಂದರು.

"ಏನು ಕೆಲಸ, ಸಾರ್?"

"ಹೊಟ್ಟೆ ಒತ್ತಿ ನೋಡೋದು. ದಿನವೆಲ್ಲ ಅದೇ."

ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ಹೋಗು. ಇಲ್ಲಿ ಕೂತು ಏನು ಮಾಡ್ತೀಯ?" ಅಂದರು. ಕೋಪದಿಂದ ಅಂದದ್ದಲ್ಲ. ನಾನು ಹೊರಟೆ.

ಐವತ್ತರ ದಶಕದ ಮೊದಲ ವರ್ಷಗಳು ಅವು. ಹುಣಸೂರಿನ ಪೇಟೆಯಲ್ಲಿ ಹಿಂದೆ ಹೊಗೆಸೊಪ್ಪಿನ ಮಂಡಿಯಾಗಿದ್ದ ಒಂದು ಹಂಚಿನ ಮನೆಯೇ ನಮ್ಮ ಆಫೀಸು. ಎಷ್ಟು ಸಾರಿಸಿದರೂ ಗೋಡೆಗಳಿಂದ ಹೊಗೆಸೊಪ್ಪಿನ ವಾಸನೆ ಹೋಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ, ಹಿಂದಿನ ಕೋಣೆಯಲ್ಲಿ ಪರೀಕ್ಷೆಗೆ ಹಿಡಿದು ತಂದ ಸೊಳ್ಳೆಗಳು. ಅದರಾಚೆಯ ಸಣ್ಣ ಕೋಣೆ ನನಗೆ. ಬೆಳಿಗ್ಗೆ ಜೀಪು ಹೊರಟರೆ ಒಮ್ಮೊಮ್ಮೆ ಪಿರಿಯಾಪಟ್ಟಣದ ಕಡೆ, ಹೆಚ್ಚಾಗಿ ಹೆಗ್ಗಡದೇವನಕೋಟೆಯ ಕಡೆ. ಅದನ್ನು ಎಲ್ಲರೂ ಬರೀ ಕೋಟೆ ಅನ್ನುತ್ತಿದ್ದರು. ಕೋಟೆಯಿಂದ ಮುಂದಕ್ಕೆ, ಬೇಗೂರಿನ ದಿಕ್ಕಿನಲ್ಲಿ, ಕಾಡಂಚಿಗೆ ಹೋದಷ್ಟೂ ಚಳಿಜ್ವರ ಹೆಚ್ಚು.

ಚಳಿಜ್ವರ ಮತ್ತೆ ಮತ್ತೆ ಬಂದ ಮಗುವಿಗೆ ಎಡಪಕ್ಕೆಯ ಕೆಳಗೆ ಗುಲ್ಮ ಬೆಳೆಯುತ್ತದೆ. ಹಳ್ಳಿಯವರು ಅದಕ್ಕೆ ಜ್ವರಗಡ್ಡೆ ಅನ್ನುತ್ತಾರೆ. ಒಂದೂರಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ಗಡ್ಡೆ ಇದೆ, ಅದು ಎಷ್ಟು ದಪ್ಪ ಇದೆ ಅಂತ ನೋಡಿದರೆ ಆ ಊರಿನಲ್ಲಿ ಮಲೇರಿಯಾ ಎಷ್ಟಿದೆ ಅಂತ ಗೊತ್ತಾಗುತ್ತದೆ. ನನ್ನ ಕೆಲಸ ಅಷ್ಟೇ. ಚಾವಡಿಯ ಜಗಲಿಯ ಮೇಲೆ ನಾನು ಕೂರುತ್ತಿದ್ದೆ. ತಾಯಂದಿರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಂದು ನನ್ನ ಎದುರು ನಿಲ್ಲಿಸುತ್ತಿದ್ದರು. ಎಡಗೈಯನ್ನು ಮಗುವಿನ ಬೆನ್ನಿಗೆ ಕೊಟ್ಟು, ಬಲಗೈಯ ಬೆರಳನ್ನು ಪಕ್ಕೆಲುಬಿನ ಅಂಚಿನಡಿ ಇಟ್ಟು, "ಉಸಿರು ಎಳ್ಕೊ" ಅಂದರೆ, ಗಡ್ಡೆ ಇದ್ದರೆ ಅದು ಕೆಳಗಿಳಿದು ಬಂದು ಬೆರಳ ತುದಿಗೆ ತಾಗುತ್ತದೆ. ಆಮೇಲೆ ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ತೊಟ್ಟು ರಕ್ತ. ಅಳುವ ಮಗುವಿನ ಕೈಗೆ ಡ್ರೈವರು ಹುರಿಗಡಲೆ ಬೆಲ್ಲ ಇಡುತ್ತಿದ್ದ.

ನನ್ನ ಮಗಳ ವಯಸ್ಸಿನ ಮಕ್ಕಳೇ ಹೆಚ್ಚು. ಅವರ ಬೆನ್ನಿನ ಬಿಸಿ ನನ್ನ ಎಡಗೈಗೆ ತಾಗುತ್ತಿತ್ತು. ಮೊದಲ ದಿನ ನನಗೆ ಏನಾಗುವುದೋ ಎಂದು ದೊಡ್ಡ ಡಾಕ್ಟರು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದರಂತೆ. ಏನೂ ಆಗಲಿಲ್ಲ. ಹೊಟ್ಟೆ, ಗಡ್ಡೆ, ಮುಂದಿನ ಮಗು. ಮಧ್ಯಾಹ್ನ ಬುತ್ತಿ ಬಿಚ್ಚಿ ಅನ್ನ ಉಂಡೆ. ಹುಣಸೂರಿಗೆ ಬಂದು ಮಲಗಿದೆ. ನಿದ್ದೆಯೂ ಬಂತು.

ಆ ವರ್ಷ ನಮ್ಮ ಪ್ರಯೋಗ ಹೀಗಿತ್ತು. ಕೆಲವು ಊರುಗಳಲ್ಲಿ ಮನೆ, ಕೊಟ್ಟಿಗೆಗಳ ಒಳಗೋಡೆಗೆಲ್ಲ ಡಿ.ಡಿ.ಟಿ. ಹೊಡೆಸುವುದು. ರಾತ್ರಿ ಜನರನ್ನು ಕಚ್ಚಿ ಹೋಗಿ ಗೋಡೆಯ ಮೇಲೆ ಕೂತ ಸೊಳ್ಳೆ ಅಲ್ಲೇ ಸಾಯುತ್ತದೆ. ಇನ್ನು ಕೆಲವು ಊರುಗಳಿಗೆ ಹೊಡೆಯದೆ ಹಾಗೇ ಬಿಡುವುದು. ಅಲ್ಲಿ ಜ್ವರ ಬಂದವರಿಗೆ ಗುಳಿಗೆ ಕೊಡುತ್ತಿದ್ದೆವು, ಗೋಡೆ ಮಾತ್ರ ಮುಟ್ಟುತ್ತಿರಲಿಲ್ಲ. ವರ್ಷದ ಕೊನೆಗೆ ಎರಡನ್ನೂ ಹೋಲಿಸಿದರೆ ಔಷಧಿಯಿಂದ ಎಷ್ಟು ಗುಣವಾಯಿತು ಅಂತ ತಿಳಿಯುತ್ತದೆ. ಬೇಗೂರಿನ ಕಡೆ ಅಂಥ ಎರಡು ಊರುಗಳಿದ್ದವು. ರಸ್ತೆಯ ಪಕ್ಕದ ಊರಿಗೆ ಔಷಧಿ ಹೊಡೆದಿದ್ದರು. ಅಲ್ಲಿಂದ ಗಾಡಿದಾರಿಯಲ್ಲಿ ಹಳ್ಳ ದಾಟಿ ಕಾಡಿನ ಕಡೆ ಹೋದರೆ ಸಿಗುವ ಊರಿಗೆ ಹೊಡೆದಿರಲಿಲ್ಲ. ಆಫೀಸಿನಲ್ಲಿ ನಾವು ಮೊದಲನೆಯದನ್ನು ರಸ್ತೆಯೂರು, ಎರಡನೆಯದನ್ನು ಒಳಗಿನೂರು ಅನ್ನುತ್ತಿದ್ದೆವು.

ಒಳಗಿನೂರಿಗೆ ನಾವು ಮೊದಲ ಸಲ ಹೋದದ್ದು ಮುಂಗಾರಿಗೆ ಸ್ವಲ್ಪ ಮೊದಲು. ಹೆಂಗಸರನ್ನೆಲ್ಲ ಕರೆದು ಕೂರಿಸಿದ್ದು ಊರ ಪಟೇಲನ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ಅಲ್ಲೇ ಮುದುಕಿಯಾದವಳು. ಎತ್ತರದ ಹೆಂಗಸು, ಸ್ವಲ್ಪ ಬಾಗಿದ ಬೆನ್ನು. ಯಾರ ಮಗು, ಯಾವ ಮನೆ, ಎಷ್ಟು ಸಲ ಜ್ವರ ಬಂತು ಅಂತ ತಾನೇ ಹೇಳುತ್ತಿದ್ದಳು. ತಮ್ಮನ ಮೊಮ್ಮಗಳನ್ನೂ ಕೈಹಿಡಿದು ತಂದಳು. ಐದಾರು ವರ್ಷದ ಹುಡುಗಿ. ಕಣ್ಣು ಹಳದಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಗಡ್ಡೆ ಹೊಕ್ಕುಳ ದಾಟಿ ಇಳಿದಿತ್ತು. ಅದರ ಅಂಚಿನಲ್ಲಿ ಒಂದು ಕಚ್ಚು ಇತ್ತು, ಗೋಡಂಬಿಯ ಬಾಗಿನ ಹಾಗೆ. ಅಷ್ಟು ಸ್ಪಷ್ಟವಾಗಿ ನಾನು ಯಾವ ಮಗುವಿನಲ್ಲೂ ಮುಟ್ಟಿರಲಿಲ್ಲ.

ಎಲ್ಲ ಮುಗಿದ ಮೇಲೆ ಮುದುಕಿ ದೊಡ್ಡ ಡಾಕ್ಟರ ಹತ್ತಿರ ಬಂದು ನಿಂತಳು.

"ಅವ್ರ ಊರ್ಗೆ ಔಸ್ದಿ ಒಡುದ್ರಂತಲ್ಲ ಬುದ್ಧಿ. ನಮ್ಮೂರ್ಗೆ ಯಾವಾಗ?"

"ಮುಂದಿನ ವರ್ಷ, ಅಜ್ಜಿ."

"ಈ ವರ್ಸ ಯಾಕಿಲ್ಲ?"

ದೊಡ್ಡ ಡಾಕ್ಟರು ಮರೆಮಾಚುವವರಲ್ಲ. ಸೊಳ್ಳೆ ಕಚ್ಚುವುದು ಯಾವ ಹೊತ್ತಿನಲ್ಲಿ, ಗೋಡೆಯ ಔಷಧಿ ಹೇಗೆ ಕೆಲಸ ಮಾಡುತ್ತದೆ, ಒಂದೂರಿಗೆ ಹೊಡೆದು ಇನ್ನೊಂದಕ್ಕೆ ಬಿಟ್ಟು ನೋಡುವುದು ಯಾಕೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಮುದುಕಿ ಸೆರಗನ್ನು ಬಾಯಿಗೆ ಹಿಡಿದು ಪೂರಾ ಕೇಳಿದಳು. "ಅಂಗಾದ್ರೆ ರಾತ್ರೆ ಹೊತ್ನಲ್ಲೇ ಕಚ್ಚೋದು ಅನ್ನಿ," ಅಂದಳು. "ಹೌದು." "ಆಯ್ತು ಬುಡಿ," ಅಂದು ಹೊರಟಳು. ಎರಡು ಹೆಜ್ಜೆ ಹೋದವಳು ತಿರುಗಿ ನನ್ನನ್ನು ನೋಡಿ, "ನಿಮ್ಗೆ ಮಕ್ಳೆಷ್ಟವ್ವ?" ಅಂದಳು.

"ಇಲ್ಲ."

"ಆಯ್ತವೆ ಬುಡವ್ವ. ಇನ್ನೂ ವಯಸ್ಸದೆ."

ಜೀಪಿನಲ್ಲಿ ಹಿಂತಿರುಗುವಾಗ ದೊಡ್ಡ ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ಉತ್ತರ ಅವರಿಗೂ ಕೇಳಿಸಿತ್ತು.

ಮಳೆ ಹಿಡಿಯಿತು. ಆ ಮಳೆಗಾಲದಲ್ಲಿ ನಾನು ಮೈಸೂರಿಗೆ ಹೋಗುವುದು ಕಡಿಮೆಯಾಯಿತು. ಮೊದಲು ಶನಿವಾರ ತಪ್ಪದೆ ಹೋಗುತ್ತಿದ್ದೆ. ಆಮೇಲೆ ರಸ್ತೆ ಸರಿಯಿಲ್ಲ, ಕೆಲಸ ಇದೆ ಅಂತ ನಿಂತೆ. ಯಜಮಾನರು ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಆಫೀಸಿನಲ್ಲಿ ರಕ್ತದ ಗಾಜುಗಳನ್ನು ನೋಡುತ್ತ ಕೂರುತ್ತಿದ್ದೆ. ಕೆಂಪುಕಣಗಳ ಒಳಗೆ ಮಲೇರಿಯಾದ ಜೀವಿ ನೀಲಿ ಉಂಗುರದ ಹಾಗೆ ಕಾಣುತ್ತದೆ. ಅದು ಯಾರ ರಕ್ತ, ಯಾವ ತಾಯಿ ಹೇಗೆ ಮಗುವಿನ ಕೈ ಹಿಡಿದುಕೊಂಡಿದ್ದಳು ಎಂದು ನನಗೆ ನೆನಪಾಗುತ್ತಿರಲಿಲ್ಲ. ನನ್ನ ಒಳಗೆ ಯಾರೋ ಒಂದು ಬಾಗಿಲು ಹಾಕಿ ಹೋಗಿದ್ದರು. ನಾನೂ ತಟ್ಟಿ ನೋಡಲಿಲ್ಲ. ಕೆಲಸಕ್ಕೆ ಅದರಿಂದ ಅನುಕೂಲವೇ ಆಗಿತ್ತು.

ಒಳಗಿನೂರಿಗೆ ಗುಳಿಗೆ ಒಯ್ಯುವ ಹುಡುಗರು ಹಳ್ಳ ತುಂಬಿದಾಗ ದಾಟಲಾಗದೆ ಹಿಂತಿರುಗುತ್ತಿದ್ದರು. ನೀರು ಇಳಿದ ಮೇಲೆ ಮತ್ತೆ ಹೋಗುತ್ತಿದ್ದರು. ದೊಡ್ಡವರಲ್ಲಿ ಜ್ವರ ಹಿಂದಿನ ವರ್ಷದಷ್ಟೇ ಇದೆ, ಕೊಟ್ಟಿಗೆಗಳಲ್ಲಿ ಸೊಳ್ಳೆ ಬೇಕಾದಷ್ಟು ಸಿಗುತ್ತವೆ ಅಂತ ಬಂದು ಹೇಳುತ್ತಿದ್ದರು. ಮಕ್ಕಳ ವಿಷಯ ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅವರೆಕಾಯಿ ಕಾಲಕ್ಕೆ ಎರಡನೆಯ ಸಲ ಹೊಟ್ಟೆ ನೋಡುವ ದಿನ ಗೊತ್ತು ಮಾಡಿ, ಎರಡೂ ಊರಿಗೆ ಮುಂಚಿತವಾಗಿ ಹೇಳಿ ಕಳಿಸಿದ್ದೆವು. ರಸ್ತೆಯೂರಿನ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಗಡ್ಡೆಗಳು ಇಳಿದಿದ್ದವು, ಹೊಸದಾಗಿ ಹುಟ್ಟಿದ ಕೂಸುಗಳ ರಕ್ತ ಚೊಕ್ಕಟವಾಗಿತ್ತು. ದೊಡ್ಡ ಡಾಕ್ಟರು ಹುಣಸೂರಿನಲ್ಲೇ ಉಳಿದು, ಒಳಗಿನೂರಿಗೆ ನನ್ನನ್ನೇ ಕಳಿಸಿದರು. ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ. ರಸ್ತೆಯೂರು ದಾಟಿ ಗಾಡಿದಾರಿಗೆ ಇಳಿದಾಗ ಮುಂದೆ ಎತ್ತಿನ ಗಾಡಿಗಳ ಒಂದು ಸಾಲು ಸಿಕ್ಕಿತು. ಗಾಡಿಗಳ ತುಂಬ ಮಕ್ಕಳು, ಕಂಬಳಿ ಹೊದ್ದು, ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು.

"ಎಲ್ಲೋ ಮದುವೆ ಇರ್ಬೇಕು," ಅಂದ ಡ್ರೈವರು. ಪಕ್ಕಕ್ಕೆ ತೆಗೆದು ಮುಂದೆ ಹೋದ.

ಒಳಗಿನೂರಿನ ಚಾವಡಿಯಲ್ಲಿ ನಾವು ಸಾಮಾನು ಇಳಿಸಿ, ಸ್ಪಿರಿಟ್ಟು ಹತ್ತಿ ಜೋಡಿಸಿ ಕಾದೆವು. ಮಕ್ಕಳು ಬಂದದ್ದು ತಡವಾಗಿ. ಮುಖ ತೊಳೆಸಿ ತಲೆ ಬಾಚಿದ್ದರು. ಮೊದಲ ಮಗುವಿನ ಪಕ್ಕೆಯಡಿ ಬೆರಳಿಟ್ಟೆ. ಗಡ್ಡೆ ಸಿಗಲಿಲ್ಲ. ಎರಡನೆಯದಕ್ಕೆ ಉಗುರಿನಷ್ಟು ತಾಗಿತು. ಪಟೇಲನ ಮೊಮ್ಮಗಳು ಬಂದಳು. ನಾನು ಹೊಕ್ಕುಳ ಹತ್ತಿರ ಬೆರಳಿಟ್ಟೆ, ಅಲ್ಲಿ ಏನೂ ಇರಲಿಲ್ಲ. ಮೇಲಕ್ಕೆ ಮೇಲಕ್ಕೆ ಹೋದೆ. ಪಕ್ಕೆಯ ಅಂಚಿನ ಹತ್ತಿರ ಅದೇ ಕಚ್ಚು ಸಿಕ್ಕಿತು. ಹುಡುಗಿಯ ಕೆನ್ನೆ ತುಂಬಿತ್ತು. ಕಚಗುಳಿ ಆಯಿತು ಅಂತ ನಕ್ಕಳು.

ಔಷಧಿ ಹೊಡೆಯದ ಊರಿನಲ್ಲಿ ಇದು ಆಗಬಾರದಿತ್ತು. ಬರೀ ಗುಳಿಗೆಯಿಂದ ಇಷ್ಟು ಇಳಿಯುವುದಿಲ್ಲ. ನಾನು ಅವಳ ಕೈಗೆ ಹುರಿಗಡಲೆ ಕೊಟ್ಟು ಕೇಳಿದೆ.

"ಬೆಳಿಗ್ಗೆ ಗಾಡೀಲಿ ಬಂದ್ಯಾ?"

"ಹೂಂ."

"ಎಲ್ಲಿಂದ?"

"ಅತ್ತೆ ಮನೆಯಿಂದ. ನಾವೆಲ್ಲ ಅಲ್ಲೇ ಮನಿಕತೀವಲ್ಲ."

ಸುತ್ತ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಮುದುಕಿ ಕಂಬಕ್ಕೆ ಒರಗಿ ಕೂತಿದ್ದವಳು ಎದ್ದು ಬಂದು, "ಅದ್ನ ಯಾಕೆ ಎಳೀತೀರೆ, ಬುಡ್ರಿ. ನಾನು ಏಳ್ತೀನಿ," ಅಂದು ನನ್ನ ಪಕ್ಕದಲ್ಲಿ ಕೂತಳು.

ಅವಳು ಹೇಳಿದ್ದು ಇಷ್ಟು. ಮುಂಗಾರಿಗೆ ಮೊದಲು ನಾವು ಬಂದು ಹೋದ ವಾರದಲ್ಲೇ ಅವಳು ರಸ್ತೆಯೂರಿಗೆ ನಡೆದು ಹೋದಳು. ಆ ಊರಿಗೆ ಈ ಊರಿನ ಹೆಣ್ಣುಗಳನ್ನು ಕೊಟ್ಟಿದ್ದಾರೆ, ಅಲ್ಲಿಂದ ತಂದಿದ್ದಾರೆ. ಯಾವ ಮಗುವಿಗೆ ಅಲ್ಲಿ ಅತ್ತೆಯಿದ್ದಾಳೆ, ಯಾವುದಕ್ಕೆ ಅಜ್ಜಿಯಿದ್ದಾಳೆ ಅಂತ ನೋಡಿ ಮನೆಮನೆಗೆ ಹೇಳಿದಳು. ಮಳೆ ಹಿಡಿಯುವುದಕ್ಕೆ ಮುಂಚೆ ಮಕ್ಕಳನ್ನು ಗಾಡಿಯಲ್ಲಿ ಅಲ್ಲಿಗೆ ಒಯ್ದು ಬಿಟ್ಟರು. ನಂಟರಿಲ್ಲದ ಮಕ್ಕಳನ್ನು ಆ ಊರಿನ ಚಾವಡಿಯಲ್ಲಿ ಮಲಗಿಸಿದರು. ಅದರ ಗೋಡೆಗೂ ಔಷಧಿ ಹೊಡೆದಿದೆ ಎಂದು ಕೇಳಿ ತಿಳಿದುಕೊಂಡಿದ್ದಳು. ಆ ಮಕ್ಕಳ ಜೊತೆ ತಾನೂ ಮಲಗಿದಳು. ಮನೆಗಿಷ್ಟು ಅಂತ ಇಲ್ಲಿಂದ ರಾಗಿ ಹೋಗುತ್ತಿತ್ತು. ಸಂತೆಯ ದಿನ ತಾಯಂದಿರು ಹೋಗಿ ನೋಡಿಕೊಂಡು ಬರುತ್ತಿದ್ದರು. ಹಿಂದಿನ ದಿನ ನಾವು ರಸ್ತೆಯೂರಿನಲ್ಲಿ ಹೊಟ್ಟೆ ನೋಡುವಾಗ ಈ ಮಕ್ಕಳನ್ನು ನಂಟರು ಮನೆಯೊಳಗೇ ಇರಿಸಿಕೊಂಡಿದ್ದರು.

"ಹಾಗಾದ್ರೆ ಇವತ್ತು ವಾಪಸು ಯಾಕೆ ಕರ್ಕೊಂಡು ಬಂದ್ರಿ?" ಅಂದೆ.

"ನೀವು ಬತ್ತೀವಿ ಅಂತ ಏಳಿ ಕಳ್ಸಿದ್ರಲ್ಲವ್ವ. ಮಕ್ಳೇ ಇಲ್ಲ ಈ ಊರ್ನಾಗೆ ಅಂತ ಬರ್ಕಂಡು ಓಗಿ, ಮುಂದಿನ ವರ್ಸನೂ ಬುಟ್ಬುಟ್ರೆ?"

ಅವಳೇ ಕೇಳಿದಳು.

"ತಪ್ಪಾಯ್ತಾ, ಡಾಕ್ಟ್ರಮ್ಮ?"

"ಇಲ್ಲ."

"ನಿಮ್ಮ ದೊಡ್ಡ ಡಾಕ್ಟ್ರು ಬೇಜಾರ್ ಮಾಡ್ಕತಾರೇನೋ."

"ನಾನು ಹೇಳ್ತೀನಿ ಅವರಿಗೆ."

"ಎಲ್ಲಾವ್ನೂ ಕಳ್ಸಕಾಗ್ನಿಲ್ಲ ಕಣವ್ವ," ಅಂದಳು ಆಮೇಲೆ. "ಮೊಲೆ ಕುಡಿಯೋವು ತಾಯಿ ಬುಟ್ಟು ಇರ್ತವಾ? ಕಳೆ ಕೀಳೋ ಕಾಲ, ತಾಯೇರು ಎಂಗೆ ಓಗಾದು? ಅವು ಇಲ್ಲೇ ಉಳ್ಕಂಡೊ. ನಮ್ಮನೇದೇ ಒಂದು ಓಯ್ತು."

ಕೈಯಿಂದ ತಮ್ಮನ ಮನೆಯ ಕಡೆ ತೋರಿಸಿದಳು. ಆ ಹಳದಿ ಕಣ್ಣಿನ ಹುಡುಗಿಯ ತಮ್ಮ, ಎದೆಹಾಲಿನ ಕೂಸು. ಹಳ್ಳ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ ಜ್ವರ ಏರಿ ಸೆಳೆತ ಬಂದು ತೀರಿಕೊಂಡಿತ್ತು. ಅಪ್ಪನೂ ಜ್ವರದಲ್ಲಿ ಬಿದ್ದಿದ್ದ. ಹೊಲದ ಕೆಲಸಕ್ಕೂ ಮನೆಗೂ ತಾಯಿ ಒಬ್ಬಳೇ.

ಕೆಲಸ ಮುಗಿದ ಮೇಲೆ ಮುದುಕಿ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಮಜ್ಜಿಗೆ ತರಲು ಒಳಗೆ ಹೋದಳು. ಜಗಲಿಯ ಮೇಲೆ ಆ ತಾಯಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನನಗಿಂತ ಚಿಕ್ಕವಳು. ತಲೆ ಎತ್ತಿ ನೋಡಿ, ಚಾಪೆಯ ಮೇಲಿದ್ದ ಕಾಯಿಯನ್ನು ಒತ್ತರಿಸಿ ಜಾಗ ಮಾಡಿದಳು. ಕೂತೆ. ಅವಳ ಕೈ ನಿಲ್ಲಲಿಲ್ಲ. ಕಾಯಿ ತೆಗೆದುಕೊಳ್ಳುವುದು, ಬೆನ್ನು ಹಿಸುಕುವುದು, ಕಾಳನ್ನು ಮೊರಕ್ಕೆ, ಸಿಪ್ಪೆಯನ್ನು ಪಕ್ಕಕ್ಕೆ. ಮುಖದಲ್ಲಿ ಏನೂ ಇರಲಿಲ್ಲ. ನನಗೆ ಆ ಮುಖ ಗೊತ್ತಿತ್ತು. ದಿನವೂ ಕನ್ನಡಿಯಲ್ಲಿ ತಲೆ ಬಾಚುವಾಗ ನೋಡುತ್ತಿದ್ದೆ.

ನಾನೂ ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡು ಬಿಡಿಸತೊಡಗಿದೆ. ಸೊನೆಗೆ ಬೆರಳು ಅಂಟಂಟಾಯಿತು.

"ನನಗೂ ಒಂದಿತ್ತು. ಹೋಯ್ತು," ಅಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಹುಣಸೂರಿಗೆ ಬಂದ ಮೇಲೆ ಯಾರ ಹತ್ತಿರವೂ ಆಡಿರದ ಮಾತು.

ಅವಳು ನನ್ನ ಕಡೆ ತಿರುಗಲಿಲ್ಲ. "ಗಂಡಾ, ಎಣ್ಣಾ?"

"ಹೆಣ್ಣು."

"ಎಷ್ಟು ದೊಡ್ಡದಾಗಿತ್ತವ್ವ?"

"ಮಾತಾಡ್ತಿದ್ದಳು. ಎಲ್ಲ ಮಾತಾಡ್ತಿದ್ದಳು."

"ನಂದು ಈಗಿನ್ನೂ ಕೂತ್ಕಳದು ಕಲ್ತಿತ್ತು," ಅಂದಳು. ಮೊರದಲ್ಲಿದ್ದ ಹುಳುಕು ಕಾಳೊಂದನ್ನು ಆರಿಸಿ ಹೊರಗೆ ಎಸೆದಳು. ಮುದುಕಿ ಮಜ್ಜಿಗೆ ತಂದಳು. ನಮ್ಮಿಬ್ಬರನ್ನೂ ನೋಡಿ, ಲೋಟವನ್ನು ನನ್ನ ಪಕ್ಕದಲ್ಲಿಟ್ಟಳು. ಮಜ್ಜಿಗೆ ಕುಡಿದು, ಮಡಿಲಿನ ಕಾಯಿ ಮುಗಿಯುವವರೆಗೆ ಕೂತಿದ್ದು ಎದ್ದೆ.

ಹುಣಸೂರಿಗೆ ಬಂದು ದೊಡ್ಡ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತ ಕೇಳಿದರು. ಗಾಡಿಗಳ ವಿಷಯ ಬಂದಾಗ ಒಮ್ಮೆ ಒರೆಸುವುದನ್ನು ನಿಲ್ಲಿಸಿದರು.

"ರಾತ್ರಿ ಹೊತ್ತು ಕಚ್ಚುತ್ತೆ ಅಂತ ಹೇಳಿದ್ದು ನಾನೇ ಅಲ್ವಾ?"

"ಹೌದು, ಸಾರ್."

"ಅಂದ್ರೆ ಹೋಲಿಕೆಗೆ ಈ ಊರು ಬರೋದಿಲ್ಲ. ಮಕ್ಕಳೇ ಬೇರೆ ಕಡೆ ಮಲಗಿದ್ದಾರೆ."

"ಬರೋದಿಲ್ಲ, ಸಾರ್."

"ಹೋಲಿಕೆಗೆ ಬಾರದ ಊರಿಗೆ ಔಷಧಿ ಹೊಡೀದೆ ಇರೋಕೆ ನಮಗೆ ಕಾರಣ ಏನಿದೆ?"

ನಾನು ಉತ್ತರ ಕೊಡುವ ಮೊದಲೇ ಅವರು ಎದ್ದು ಹೊರಗೆ ಹೋಗಿ, ಔಷಧಿ ಹೊಡೆಯುವವರ ಮೇಸ್ತ್ರಿಯನ್ನು ಕರೆಸಿದರು. ಮೇಲಿನವರು ಒಪ್ಪಲಿಲ್ಲ ಅಂತ ಆಮೇಲೆ ತಿಳಿಯಿತು. ದೊಡ್ಡ ಡಾಕ್ಟರು ಬೆಂಗಳೂರಿಗೆ ಹೋಗಿ ಉತ್ತರ ಹೇಳಿ ಬರಬೇಕಾಯಿತು. ಅಷ್ಟು ಹೊತ್ತಿಗೆ ಒಳಗಿನೂರಿನ ಗೋಡೆಗಳು ಬೆಳ್ಳಗಾಗಿದ್ದವು.

"ಉಳಿದ ಊರುಗಳು?" ಅಂತ ನಾನು ಒಂದು ದಿನ ಕೇಳಿದೆ. ಔಷಧಿ ಹೊಡೆಯದ ಬೇರೆ ಊರುಗಳೂ ಇದ್ದವಲ್ಲ, ಅವುಗಳಿಗೆ ಪಕ್ಕದಲ್ಲಿ ನಂಟರ ಊರು ಇರಲಿಲ್ಲ, ಆ ಮುದುಕಿಯೂ ಇರಲಿಲ್ಲ. ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಆ ಊರುಗಳು ಹೋಲಿಕೆಗೆ ಬರ್ತವಮ್ಮ," ಅಂದರು. ಆ ಊರುಗಳಿಗೆ ಔಷಧಿ ಬಂದದ್ದು ಪ್ರಯೋಗ ಮುಗಿದ ಮೇಲೆ. ಅಲ್ಲಿ ಆ ಮಳೆಗಾಲದಲ್ಲಿ ಹೋದ ಮಕ್ಕಳು ಹೋದವು. ನಮ್ಮ ವರದಿ ಚೆನ್ನಾಗಿ ಬಂತು ಎಂದು ಎಲ್ಲರೂ ಹೇಳಿದರು. ಔಷಧಿಯಿಂದ ಎಷ್ಟು ಗುಣ ಎನ್ನುವುದು ಅದರಿಂದ ಸಂಶಯವಿಲ್ಲದಂತೆ ಗೊತ್ತಾಯಿತು. ಆಮೇಲೆ ಸರ್ಕಾರ ಇಡೀ ತಾಲ್ಲೂಕಿಗೆ ಹೊಡೆಸಿತು.

ಒಳಗಿನೂರಿಗೆ ಔಷಧಿ ಹೊಡೆದ ದಿನ ನಾನು ಹೋಗಿದ್ದೆ. ಹೋಗಲೇಬೇಕಾದ ಕೆಲಸ ನನಗೇನೂ ಇರಲಿಲ್ಲ. ಜನ ಬೆಳಿಗ್ಗೆಯೇ ಮಡಕೆ ಕುಡಿಕೆ, ರಾಗಿ ಚೀಲ, ಕಂಬಳಿ, ದೇವರ ಪಟ ಎಲ್ಲವನ್ನೂ ಹೊರಗೆ ತಂದು ಬೀದಿಯಲ್ಲಿ ಇಟ್ಟಿದ್ದರು. ಸಾಮಾನೆಲ್ಲ ಬೀದಿಗೆ ಬಂದಾಗ ಎಲ್ಲರ ಮನೆಯೂ ಒಂದೇ ಥರ ಕಾಣುತ್ತದೆ. ಮುದುಕಿ ಕೋಲು ಹಿಡಿದು ಹೊಡೆಯುವವರ ಹಿಂದೆ ಮನೆಯಿಂದ ಮನೆಗೆ ಹೋಗುತ್ತಿದ್ದಳು. "ಕಣಜದ ಇಂದ್ಗಡೆ ಒಡೀರಪ್ಪ. ಮಂಚದ ಕೆಳ್ಗೆ ಒಡೀರಿ. ಅಟ್ಟದ ಮ್ಯಾಲೆ ಬುಟ್ರಲ್ಲ." ಸಾಯಂಕಾಲದ ಹೊತ್ತಿಗೆ ತಿಗಣೆಗಳೆಲ್ಲ ಸತ್ತು ನೆಲಕ್ಕೆ ಉದುರಿ ಬಿದ್ದಿದ್ದನ್ನು ಗುಡಿಸಿ ಎಸೆಯುತ್ತ ಹೆಂಗಸರು ಖುಷಿಯಾಗಿದ್ದರು. ಅವರೆಕಾಯಿ ಬಿಡಿಸುತ್ತಿದ್ದ ಆ ತಾಯಿ, ಪಟೇಲನ ಸೊಸೆ, ಬೀದಿಯಲ್ಲಿ ಸಾಮಾನಿನ ಪಕ್ಕ ಕೂತಿದ್ದಳು. ಸಾಮಾನಿನ ನಡುವೆ ಒಂದು ಮರದ ತೊಟ್ಟಿಲು ಇತ್ತು. ಮೇಸ್ತ್ರಿ ಅದನ್ನು ಎತ್ತಿ ಒಳಗಿಡಲು ಹೋದಾಗ, "ನಾನೇ ಇಡ್ತೀನಿ ಬುಡಿ," ಅಂದು ತಾನೇ ಹೊತ್ತು ಒಳಗೆ ಹೋದಳು.

ನಾನು ಆ ತಂಡದಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಮುದುಕಿ ಅಷ್ಟರಲ್ಲಿ ತೀರಿಕೊಂಡಳು. ಜ್ವರದಿಂದಲ್ಲ, ವಯಸ್ಸಾಗಿ. ಪಟೇಲನ ಸೊಸೆಗೆ ಮತ್ತೊಂದು ಮಗುವಾಯಿತು. ಅದರ ಹೊಟ್ಟೆಯನ್ನೂ ನಾನೇ ನೋಡಿದೆ. ಬೆರಳಿಗೆ ಏನೂ ತಾಗಲಿಲ್ಲ. ಮೈಸೂರಿನಿಂದ ವಿದ್ಯಾರ್ಥಿಗಳು ಗಡ್ಡೆ ನೋಡಿ ಕಲಿಯಲು ಬರುತ್ತಿದ್ದರು. ತೋರಿಸೋಣವೆಂದರೆ ಊರೂರು ಅಲೆದರೂ ಸರಿಯಾದ ಒಂದು ಗಡ್ಡೆ ಸಿಗದೆ ಹಿಂತಿರುಗಿದ ದಿನಗಳಿದ್ದವು. ಹುಡುಗರು ಬೇಸರ ಮಾಡಿಕೊಳ್ಳುತ್ತಿದ್ದರು. ದೊಡ್ಡ ಡಾಕ್ಟರು ಮಾತ್ರ ಅಂಥ ದಿನ ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದರು.

ಯಜಮಾನರ ವಿಷಯ ಹೇಳಬೇಕು. ಒಳಗಿನೂರಿಗೆ ಔಷಧಿ ಹೊಡೆದ ಮೇಲೆ ಬಂದ ಬೇಸಿಗೆಯಲ್ಲಿ, ಒಂದು ಭಾನುವಾರ, ಅವರು ಹೇಳದೆ ಕೇಳದೆ ಹುಣಸೂರಿಗೆ ಬಂದರು. ಪೇಟೆಯಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು. ತಿಂದು, ಲಕ್ಷ್ಮಣತೀರ್ಥದ ದಡದಲ್ಲಿ ಕೂತೆವು. ನೀರು ಮಂಡಿಯಷ್ಟೂ ಇರಲಿಲ್ಲ. ನಾನು ಒಳಗಿನೂರಿನ ಕತೆ ಹೇಳಿದೆ. ಅವರು ಕೇಳಿ, "ನಾನು ತಿಂಗಳಿಗೊಂದು ಸಲ ಅಗ್ರಹಾರದ ಹೊಲಕ್ಕೆ ಹೋಗ್ತಾ ಇದ್ದೀನಿ," ಅಂದರು.

"ನನಗೆ ಹೇಳಲೇ ಇಲ್ಲ ನೀವು."

"ನೀನು ಕೇಳಲಿಲ್ಲ. ನಿನಗೆ ನೋವಾಗುತ್ತೇನೋ ಅಂತ ನಾನೂ ಹೇಳಲಿಲ್ಲ."

"ಅಲ್ಲಿ ಹೋಗಿ ಏನು ಮಾಡ್ತೀರಿ?"

"ಸುಮ್ನೆ ಕೂತು ಬರ್ತೀನಿ. ಒಂದು ಹೊಂಗೆ ಸಸಿ ನೆಟ್ಟಿದ್ದೀನಿ. ಮೇಕೆ ತಿಂದು ಹೋಗುತ್ತೆ, ಮತ್ತೆ ನೆಡ್ತೀನಿ."

ಅವರು ಅಲ್ಲಿ ಒಬ್ಬರೇ ಕೂತಿರುವುದನ್ನು ಊಹಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಆದರೂ ಅಂದೆ, "ಮುಂದಿನ ಸಲ ನಾನೂ ಬರ್ತೀನಿ."

ಹೋದೆವು. ಕೃಷ್ಣರಾಜನಗರದಲ್ಲಿ ಬಸ್ಸು ಬದಲಾಯಿಸಿ, ಹೊಸ ಅಗ್ರಹಾರದಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದೆವು. ಅವರು ಮುಂದೆ, ನಾನು ಹಿಂದೆ. ಬೇಲಿಯ ಪಕ್ಕ ಮಣ್ಣಿನ ದಿಬ್ಬ ಯಾವತ್ತೋ ನೆಲದ ಮಟ್ಟಕ್ಕೆ ಇಳಿದಿತ್ತು. ಜಾಗ ಅವರಿಗೆ ಗೊತ್ತಿದ್ದರಿಂದ ನನಗೂ ಗೊತ್ತಾಯಿತು. ಸಸಿಗೆ ಮುಳ್ಳು ಕಟ್ಟಿದ್ದರು. ಪಕ್ಕದ ಗದ್ದೆಯ ಕಾಲುವೆಯಿಂದ ಅವರು ಚೊಂಬಿನಲ್ಲಿ ನೀರು ತಂದು ಹಾಕಿದರು. ನಾನು ನಿಂತೆ. ಅಳು ಬರುವುದೇನೋ ಅಂತ ಕಾದೆ. ಬರಲಿಲ್ಲ. ಬಿಸಿಲು ತಲೆಗೆ ಚುರುಗುಟ್ಟುತ್ತಿತ್ತು. ಅಷ್ಟು ಮಾತ್ರ ಗೊತ್ತಾಗುತ್ತಿತ್ತು.

"ಕೂತ್ಕೊ," ಅಂದರು ಅವರು, ತಮ್ಮ ಟವಲನ್ನು ನೆಲಕ್ಕೆ ಹಾಸಿ.

ಕೂತೆ. ಅವರು ಪಕ್ಕದಲ್ಲಿ ಬರಿಯ ನೆಲದ ಮೇಲೆ ಕೂತರು. ಎಷ್ಟೋ ಹೊತ್ತಿನ ಮೇಲೆ, ಅವಳಿಗೆ ಇಷ್ಟವಿದ್ದ ಒಂದು ತಿಂಡಿಯ ಮಾತು ಬಂತು. ಕೊಬ್ಬರಿ ಮಿಠಾಯಿಯೋ ಪುರಿಯುಂಡೆಯೋ ಅಂತ ನಮ್ಮಿಬ್ಬರಿಗೂ ಸರಿಯಾಗಿ ನೆನಪಾಗಲಿಲ್ಲ. ಅವರು ಒಂದು ಹೇಳಿದರು, ನಾನು ಇನ್ನೊಂದು ಹೇಳಿದೆ. ಸಾಲಿಗ್ರಾಮದ ನಮ್ಮ ತವರಿನಲ್ಲಿ ಅವಳು ಅಂಗಡಿಯ ಡಬ್ಬಕ್ಕೆ ಕೈಹಾಕಿ ತಿಂದದ್ದು ಪುರಿಯುಂಡೆಯೇ ಎಂದು ನಾನು ಪಟ್ಟು ಹಿಡಿದೆ. ಅವರು ಒಪ್ಪಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಹಾಗೇ ಮಾತಾಡುತ್ತ ಕೂತಿದ್ದೆವು.